ಮುಚ್ಚಿದ ಕಣ್ಣಿನ ಮದುಮಗಳು

ಇಬ್ಬರ ನಡುವಿನ ಮಾತನ್ನು ಹೊರಗಿನವರು ಹೇಳಬಾರದು ಎಂದು ಗೊತ್ತಿದ್ದೂ ಹೇಳುತ್ತಿದ್ದೇನೆ. ಎಲ್ಲಿಯಾದರೂ ಶೈಲಾಳಿಗೆ ಅನ್ಯಾಯ ಮಾಡಿದ್ದರೆ ಓದುವವರು ಕ್ಷಮಿಸಬೇಕು.

ಶೈಲಾ ಅಗಡಿಯವಳು, ಹಾವೇರಿಯ ಶಾಲೆಯೊಂದರಲ್ಲಿ ಡ್ರಾಯಿಂಗ್ ಟೀಚರ್. ಹಲಗೇರಿಯ ವೀರೇಂದ್ರನದು ರಾಣೆಬೆನ್ನೂರಿನಲ್ಲಿ ಬೋರ್ಡ್ ಬರೆಯುವ ಅಂಗಡಿ. ಭಾನುವಾರಗಳಲ್ಲಿ ತುಂಗಭದ್ರೆಯ ದಂಡೆಯಲ್ಲಿ ಇಬ್ಬರದೂ ಅಭ್ಯಾಸ. ವರ್ಷಕ್ಕೊಮ್ಮೆ ಕರಾವಳಿಯ ಮರಳು ಶಿಲ್ಪ ಉತ್ಸವದ ಸ್ಪರ್ಧೆಗೆ ಜೋಡಿಯಾಗಿ ಪಯಣ. ಮರಳು ತುಳಿದು ಗಟ್ಟಿ ಮಾಡುವುದು, ಮೆಣಸಿನ ಗಿಡಕ್ಕೆ ಔಷಧಿ ಹೊಡೆಯುವ ಪಂಪಿನಿಂದ ನೀರು ಸಿಂಪಡಿಸುವುದು ಅವನ ಕೆಲಸ. ಮುಖ ಅವಳದು.

ಈ ಮೂರನೆಯ ವರ್ಷ ಬಸ್ಸಿನಲ್ಲಿ ಅವನು ಅವಳ ಕಡೆ ತಿರುಗಿದ.

“ಈ ಸಲ ಮದಿ ಹೆಣ್ಣಿನ ಮುಖ ಮಾಡೂಣು.”

“ಯಾರದು?”

“ನಮ್ಮ ಮನಿಗೆ ಬರಾಕಿದು.” ಅವಳ ಮುಖವನ್ನೇ ನೋಡಿ ನಕ್ಕ. “ಹಣಿ, ಕಣ್ಣು ಸುರು ಮಾಡಿರು. ಉಳದದ್ದು ಆಮ್ಯಾಲೆ ಹೇಳ್ತೇನಿ.”

“ಹೆಸರು ಹೇಳಾಕ ನಾಚಿಕಿ ಏನ್ ನಿನಗ?”

“ಹೂಂ ಅನ್ಕೊ.”

ಶೈಲಾ ಕಿಟಕಿಯ ಕಡೆ ತಿರುಗಿದಳು. ಘಟ್ಟ ಇಳಿಯುವವರೆಗೂ ಅವಳ ತುಟಿಯ ಮೇಲಿನ ನಗು ಇಳಿಯಲಿಲ್ಲ.

ಮರಳನ್ನು ಮೇಲಿನಿಂದ ಕೆಳಕ್ಕೆ ಕೆತ್ತಬೇಕು. ತೆಗೆಯಲು ಬರುತ್ತದೆ, ತೆಗೆದದ್ದನ್ನು ಮತ್ತೆ ಅಂಟಿಸಲು ಬರುವುದಿಲ್ಲ. ಮರುದಿನ ವೀರೇಂದ್ರ ನೀರು ತರಲು ಹೋದಾಗ ಅವಳು ಬ್ಯಾಗಿನ ಸಣ್ಣ ಕನ್ನಡಿ ತೆಗೆದು ನೋಡಿಕೊಂಡಳು. ಮರಳಿನಲ್ಲಿ ಮೂಡಿದ್ದು ತನ್ನ ಹಣೆ, ತನ್ನ ಹುಬ್ಬು, ತನ್ನ ಕಣ್ಣು. ಯಾರನ್ನೋ ಕಾಯುತ್ತಿರುವ ಕಣ್ಣು. ಇಷ್ಟು ಚೆನ್ನಾಗಿ ಅವಳು ಯಾವತ್ತೂ ಕೆತ್ತಿರಲಿಲ್ಲ.

ವೀರೇಂದ್ರ ಬಂದು ಪಂಪು ಕೆಳಗಿಟ್ಟು ಮೊಬೈಲ್ ಚಾಚಿದ.

“ಮೂಗು, ಬಾಯಿ ಈಕೀದು ನೋಡಿ ಮಾಡು. ಮಧು ಅಂತ, ಬ್ಯಾಡಗಿಯಾಕಿ. ಮುಂದಿನ ತಿಂಗಳ ನಿಶ್ಚಯ ಐತಿ. ಸಂಜಿಕ ಅವರ ಮನಿ ಮಂದಿ ಬರ್ತಾರ.”

ಶೈಲಾ ಫೋಟೋ ನೋಡಿದಳು. ಕೈಯೊಳಗಿನ ಕರಣೆಯನ್ನು ಮರಳಿಗೆ ಚುಚ್ಚಿ ನಿಲ್ಲಿಸಿದಳು.

“ಮೊದ್ಲ ಯಾಕ ಹೇಳಲಿಲ್ಲ?”

“ಹೇಳಿದ್ರ ನೀ ಬರ್ತಿದ್ದೇನು?” ಎಂದ. ತಮಾಷೆಯ ದನಿಯೇ.

ಅವಳು ಕೆತ್ತಿದಳು. ಮಧುವಿನ ಮೂಗು, ಮಧುವಿನ ತುಟಿ, ಕೊರಳಿಗೆ ಬೋರಮಾಳ ಸರ.

ಸಂಜೆ ಮಧು ತಾಯಿಯ ಜೊತೆ ಬಂದಳು. ಶಿಲ್ಪದ ಎದುರು ಬಹಳ ಹೊತ್ತು ನಿಂತು, ಆಮೇಲೆ ಶೈಲಾಳನ್ನು ನೋಡಿದಳು. ಮತ್ತೆ ಶಿಲ್ಪವನ್ನು ನೋಡಿದಳು.

“ಭಾಳ ಚಲೋ ಆಗೇತ್ರಿ ಅಕ್ಕಾ. ಆದ್ರ ಕಣ್ಣ ಮುಚ್ಚಿಬಿಡ್ರಿ. ಮದಿ ಹೆಣ್ಣು ಹಿಂಗ ನೋಡ್ಕೋಂತ ನಿಂದ್ರಬಾರದು.”

“ನಾ ಮಾಡ್ಲೇನು?” ಎಂದ ವೀರೇಂದ್ರ.

“ಬ್ಯಾಡ. ಅವರ ಕೈಲೇ ಆಗ್ಲಿ.”

“ಲಗೂ ಮಾಡು ಶೈಲಾ, ಇನ್ನೇನು ಟೈಮ್ ಮುಗೀತು ಅಂತ ಸೀಟಿ ಹೊಡೀತಾರ.”

ಈಗ ಮೇಲೆ ಕೈ ಹಾಕಿದರೆ ಉದುರುವ ಮರಳೆಲ್ಲ ತುಟಿಯ ಮೇಲೆ ಬೀಳುತ್ತಿತ್ತು. ಅದಕ್ಕೆ ವೀರೇಂದ್ರ ಮೊಣಕಾಲೂರಿ, ಶಿಲ್ಪದ ಕೆನ್ನೆಗೆ ಎರಡೂ ಅಂಗೈ ಒಡ್ಡಿ ಹಿಡಿದ. ಮೂರು ವರ್ಷದಲ್ಲಿ ಅವನು ಅವಳಿಗೆ ಇಷ್ಟು ಹತ್ತಿರ ಬಂದಿದ್ದು ಇದೇ ಮೊದಲು. ಅವಳು ತನ್ನ ಕಣ್ಣನ್ನು ತಾನೇ ಕೆರೆದಳು. ಮೊದಲು ಎಡಗಣ್ಣು, ಆಮೇಲೆ ಬಲಗಣ್ಣು. ಮರಳು ಅವನ ಅಂಗೈ ತುಂಬಿತು. ಎರಡು ನುಣ್ಣನೆಯ ರೆಪ್ಪೆಗಳು ಉಳಿದವು.

ವೀರೇಂದ್ರ ಎದ್ದು ಕೈ ಝಾಡಿಸಿ ಪ್ಯಾಂಟಿಗೆ ಒರೆಸಿಕೊಂಡ.

ಮೊದಲ ಬಹುಮಾನ ಅವರಿಗೇ ಬಂತು. ನಾಚಿ ಕಣ್ಣು ಮುಚ್ಚಿದ ಹೆಣ್ಣು ಎಂದು ಮೈಕಿನಲ್ಲಿ ಹೊಗಳಿದರು. ಮಧುವಿನ ಮನೆಯವರು ಚಪ್ಪಾಳೆ ತಟ್ಟಿದರು.

ವೀರೇಂದ್ರ ಅವರ ಕಾರಿನಲ್ಲಿ ಹೊರಟ.

“ನೀ ಬಸ್ಸಿಗೆ ಹೋಗ್ತಿ ಹೌದಿಲ್ಲೋ? ಜಾಗಾ ಇಲ್ಲ ಇದರಾಗ.”

“ವೀರೂ, ಮೊದ್ಲಿನ ಕಣ್ಣು ಯಾರವು ಗೊತ್ತಾತೇನು?”

ಅವನು ಬಾಗಿಲ ಮೇಲೆ ಕೈಯಿಟ್ಟು ನಿಂತ. ಒಳಗಿನಿಂದ ಮಧು ಕರೆದಳು.

“ಗೊತ್ತಾತು ಅಂದ್ರ ಏನ್ ಮಾಡ್ಲಿ ಹೇಳು?” ಎಂದ, ಮೆತ್ತಗೆ.

ಶೈಲಾ ಬ್ಯಾಗು ಹೆಗಲಿಗೇರಿಸಿದಳು. ಕಾರು ಹೊರಟಿತು.

ಈಗ ಭಾನುವಾರಗಳಲ್ಲಿ ಅವಳು ಹೊಳೆಯ ಕಡೆ ಹೋಗುವುದಿಲ್ಲ. ಅವನಿಗೆ ಬಸ್ಸಿನಲ್ಲೇ ಎಲ್ಲ ಗೊತ್ತಿತ್ತೋ, ಅಂಗೈ ಒಡ್ಡಿದಾಗ ಗೊತ್ತಾಯಿತೋ, ಗೊತ್ತೇ ಆಗಲಿಲ್ಲವೋ, ನನಗೆ ತಿಳಿಯದು. ಶೈಲಾಳಿಗೂ ತಿಳಿಯದು.