ಗಾಜಿನ ಪೆಟ್ಟಿಗೆಯಲ್ಲಿ ವಿಭೂತಿ

೨೦೦೩ರ ಏಪ್ರಿಲ್ ೮, ಬೆಳಿಗ್ಗೆ ಹತ್ತೂವರೆ. ಹಿಮಾಯತ್‌ನಗರದ ಛಾಯಾಚಿತ್ರ ಸಂಗ್ರಹಾಲಯದ ಮುಖ್ಯಸ್ಥ ಸಾಯಿಕುಮಾರ ಠಾಣೆಗೆ ಬಂದು ದೂರು ಬರೆದುಕೊಟ್ಟ. ನಿಜಾಮರ ಕಾಲದಲ್ಲಿ ಕೋಠಿ ಪೇಟೆಯಲ್ಲಿ ಸ್ಟುಡಿಯೋ ಇಟ್ಟಿದ್ದ ಛಾಯಾಗ್ರಾಹಕನೊಬ್ಬನ ಗಾಜಿನ ನೆಗೆಟಿವ್‌ಗಳು ಸಂಗ್ರಹಾಲಯದಲ್ಲಿದ್ದವು. ಅವುಗಳಲ್ಲಿ ಒಂದನ್ನು ಯಾರೋ ಅಳಿಸಿಬಿಟ್ಟಿದ್ದರು.

ಒಂದು ಗಾಜಿಗೆ ಇಷ್ಟು ಗದ್ದಲವೇ ಎಂದುಕೊಂಡ ಇನ್‌ಸ್ಪೆಕ್ಟರ್ ವೈಜನಾಥ. ಆದರೆ ಸಂಗ್ರಹಾಲಯವನ್ನು ಸಾಕುತ್ತಿದ್ದ ಸಾಫ್ಟ್‌ವೇರ್ ಕಂಪನಿಯವರು ಆಗಲೇ ಮೇಲಿನವರಿಗೆ ಫೋನ್ ಹಚ್ಚಿದ್ದರು. ಕಳುವಾದ ಸೈಕಲ್ಲಿಗೆ ವಾರಗಟ್ಟಲೆ ಸಿಗದ ಎಫ್‌ಐಆರ್ ಇದಕ್ಕೆ ಚಹಾ ಆರುವುದರೊಳಗೆ ಸಿಕ್ಕಿತು.

ಸ್ಥಳದಲ್ಲಿ ಪಂಚನಾಮೆ ಮಾಡಿದರು. ಗಾಜು ಒಡೆದಿರಲಿಲ್ಲ. ಬಿಸಿನೀರು ಬಿದ್ದು ಚಿತ್ರದ ಪೊರೆಯೆಲ್ಲ ಜಾರಿಹೋಗಿತ್ತು. ಹೊಸ ಬಿಳಿ ಬಟ್ಟೆಯಲ್ಲಿ ಸುತ್ತಿ ಅದನ್ನು ಅದರ ಪೆಟ್ಟಿಗೆಯಲ್ಲೇ ಇಟ್ಟಿದ್ದರು. ಪಕ್ಕದಲ್ಲಿ ಒಂದಿಷ್ಟು ಬೂದಿ, ಒಂದು ಬಿಲ್ವಪತ್ರೆ. ಕಾನ್‌ಸ್ಟೆಬಲ್ ರಾಮದಾಸ ಮಾಟವೆಂದು ಎರಡು ಹೆಜ್ಜೆ ಹಿಂದೆ ಸರಿದ.

ವೈಜನಾಥ ಬೂದಿಯನ್ನು ಬೆರಳಲ್ಲಿ ತಿಕ್ಕಿ ನೋಡಿದ. ವಿಭೂತಿ. ಅವನ ಬಳಗವೆಲ್ಲ ಬೀದರ ಕಡೆಯದು; ಸತ್ತವರಿಗೆ ಬಿಸಿನೀರು ಹಾಕಿ, ವಿಭೂತಿ ಹಚ್ಚಿ, ಪತ್ರೆ ಇಟ್ಟು, ಹೊಸ ಬಟ್ಟೆ ಸುತ್ತುವುದನ್ನು ಅವನು ಎಷ್ಟೋ ಮನೆಗಳಲ್ಲಿ ಕಂಡಿದ್ದ. ಇಲ್ಲಿ ಗಾಜು ಕೆಡಿಸಿದವರು ಯಾರನ್ನೋ ಮಣ್ಣಿಗೆ ಕಳಿಸಿದ್ದರು. ಸಿಬ್ಬಂದಿಯಲ್ಲಿ ಆ ಕಡೆಯವರು ಯಾರೆಂದು ವಿಚಾರಿಸಿದಾಗ ಒಂದೇ ಹೆಸರು ಬಂತು: ಕಸ ಗುಡಿಸುವ ಬಸಲಿಂಗಮ್ಮ, ಔರಾದಿನವಳು.

ಠಾಣೆಯಲ್ಲಿ ಆಕೆ ತೆಲುಗಿನಲ್ಲಿ ತನಗೇನೂ ಗೊತ್ತಿಲ್ಲವೆಂದಳು. ವೈಜನಾಥ ಕನ್ನಡದಲ್ಲಿ ಕೇಳಿದ.

"ಯಾರಿಗೆ ಜಳಕಾ ಮಾಡಿಸಿದಿ?"

ಆಕೆಯೂ ಕನ್ನಡಕ್ಕೆ ಹೊರಳಿದಳು. "ನಮ್ಮ ಆಯಿಗ್ರಿ. ಅವ್ವನ ಅವ್ವಗ."

ಆಗಿನ್ನೂ ಹದಿನೈದು ತುಂಬದ ಆ ಅಜ್ಜಿಯನ್ನು ಜಹಗೀರದಾರನ ಆಳುಗಳು ಸ್ಟುಡಿಯೋಕ್ಕೆ ಎಳೆದೊಯ್ದಿದ್ದರಂತೆ. ಅಲ್ಲಿ ಕುಪ್ಪಸ ಕಳಚಿ ನಿಲ್ಲಿಸಿದರು. ಅಂಥ ಚಿತ್ರಗಳನ್ನು ಕೊಳ್ಳುವ ಸಾಹೇಬರಿದ್ದರು. ಅಂದಿನಿಂದ ಸಾಯುವತನಕ ಅಜ್ಜಿ ಕುಪ್ಪಸ ತೊಟ್ಟೇ ಮೈ ತೊಳೆದುಕೊಂಡಳು. ಹೆಗಲ ಕೆಳಗಿನ ಸುಟ್ಟ ಕಲೆಯನ್ನು ಮೊಮ್ಮಗಳು ಕಂಡದ್ದೇ ಹೆಣಕ್ಕೆ ನೀರು ಹಾಕುವಾಗ. ಹೋದ ವಾರ ಇಬ್ಬರು ನೌಕರರು ಗಾಜನ್ನು ದೀಪಕ್ಕೆ ಹಿಡಿದು ನಗುತ್ತಿದ್ದರು. ಕಪ್ಪು ಬಿಳಿ ಅದಲುಬದಲಾಗಿದ್ದರೂ ಆ ಕಲೆ ಬಸಲಿಂಗಮ್ಮನಿಗೆ ಗುರುತು ಸಿಕ್ಕಿತು.

"ಸತ್ತ ಮ್ಯಾಲೂ ಬತ್ತಲೇ ನಿಂತಿದ್ಲರಿ. ಈಗ ಮಣ್ಣಾದ್ಲು. ಜೇಲಿಗೆ ಹಾಕ್ರಿ, ನಡೀತೈತಿ."

ವೈಜನಾಥ ಪೆನ್ನು ಕೆಳಗಿಟ್ಟ. ಆದರೆ ಮೇಲಿನವರ ಫೋನ್ ಮತ್ತೆ ಬಂದಿತ್ತು. ಮಹಿಳಾ ಪೇದೆಯನ್ನು ಕರೆಸಿ ದಸ್ತಗಿರಿ ಬರೆದ.

ಅಷ್ಟರಲ್ಲಿ ಸಾಯಿಕುಮಾರ ನಗುತ್ತ ಒಳಗೆ ಬಂದು, ಒಂದು ಸಿಡಿಯನ್ನೂ ಒಂದು ದೊಡ್ಡ ಚಿತ್ರವನ್ನೂ ಮೇಜಿನ ಮೇಲಿಟ್ಟ. ಗಾಜು ಹೋದರೂ ಚಿಂತೆಯಿಲ್ಲ, ಚಿತ್ರವನ್ನು ಮೊದಲೇ ಸಿಡಿಗೆ ಇಳಿಸಿದ್ದಾಗಿದೆ ಎಂದ. ಮುಂದಿನ ವಾರ ಕಂಪನಿಯ ಹೆಬ್ಬಾಗಿಲಲ್ಲಿ ಆಳೆತ್ತರಕ್ಕೆ ತೂಗುಹಾಕುತ್ತಾರೆ. ಪೊಲೀಸ್ ಕೇಸಾದ ಮೇಲಂತೂ ಪತ್ರಿಕೆಯವರೂ ಕೇಳುತ್ತಿದ್ದಾರೆ.

ಬಸಲಿಂಗಮ್ಮ ಎದ್ದು ಬಂದು ಚಿತ್ರದ ಮೇಲೆ ಸೆರಗು ಹೊದಿಸಿದಳು. ಆಮೇಲೆ ಸಿಡಿಯನ್ನು ತೋರಿಸಿ ವೈಜನಾಥನನ್ನು ಕೇಳಿದಳು.

"ಸಾಹೇಬ್ರ, ಇದನ್ನ ಹ್ಯಾಂಗ ತೊಳೀಬೇಕ್ರಿ?"

ವೈಜನಾಥ ಮತ್ತೆ ಪೆನ್ನು ಎತ್ತಿಕೊಂಡ. ಕೃತ್ಯಕ್ಕೆ ಕಾರಣ, ಸತ್ತ ಅಜ್ಜಿಯ ಮಾನ ಎಂದು ಬರೆದ. ಸೆರಗಿನಡಿಯಿಂದ ಚಿತ್ರವನ್ನು ಎಳೆದುಕೊಂಡು, ಆರೋಪಪಟ್ಟಿಗೆ ಇಂಥವೇ ಇನ್ನೂ ಮೂರು ಪ್ರತಿ ಬೇಕಾಗುತ್ತವೆಂದು ಸಾಯಿಕುಮಾರನಿಗೆ ಹೇಳಿದ.