ಎಲ್ಲಿಗೂ ಹೋಗದ ತಂತಿ

"ಬಣ್ಣ ಹೊಡಿ, ಸೀಟು ಹೊಲಿಸು, ಬೇಕಾದ್ರೆ ಹೊಸ ದೀಪ ಹಾಕು. ನಾನು ಬೇಡ ಅನ್ನಲ್ಲ. ಆದ್ರೆ ಸ್ಟೇರಿಂಗ್ ಕೆಳಗೆ ಒಂದು ತಾಮ್ರದ ತಂತಿ ಸುತ್ತಿದೆ ನೋಡು, ಅದೊಂದನ್ನ ಮುಟ್ಟಬೇಡಮ್ಮ," ಎಂದರು ಅತ್ತೆ. ಶೆಡ್ಡಿನ ಬಾಗಿಲಲ್ಲೇ ನಿಂತಿದ್ದರು, ಒಳಗೆ ಕಾಲಿಟ್ಟಿರಲಿಲ್ಲ. ಸೆರಗಿನ ತುದಿಯನ್ನು ಬಾಯಿಗೆ ಒತ್ತಿಕೊಂಡಿದ್ದರು.

ಕಾರಿನ ಮುಂದಿನ ಸೀಟು ಕಿತ್ತುಹಾಕಿ, ಆ ಜಾಗದಲ್ಲಿ ಅಂಗಾತ ಮಲಗಿ, ಟಾರ್ಚನ್ನು ಹಲ್ಲಲ್ಲಿ ಕಚ್ಚಿಕೊಂಡು ಕೆಲಸ ಮಾಡುತ್ತಿದ್ದ ಸೊಸೆ ಟಾರ್ಚನ್ನು ಬಾಯಿಂದ ತೆಗೆದಳು.

"ಮುಟ್ಟಿದ್ರೆ ಏನಾಗುತ್ತೆ ಅತ್ತೆ? ಶಾಕ್ ಹೊಡೆಯುತ್ತಾ? ಗಾಡೀಲಿ ಬ್ಯಾಟರಿನೇ ಇಲ್ಲ."

"ಮಾಟಕ್ಕೆ ಕಟ್ಟಿದ ತಂತಿ ಅದು."

"ಓಹೋ! ಮಾಟಕ್ಕೂ ಅರ್ಥಿಂಗ್ ಕೊಟ್ಟಿದ್ದೀರಾ? ಫ್ಯೂಸ್ ಎಲ್ಲಿಟ್ಟಿದ್ದೀರಿ ಹೇಳಿ, ಬದಲಾಯಿಸ್ತೀನಿ."

ಅತ್ತೆ ನಗಲಿಲ್ಲ. ಯಾರು ಮಾಡಿದ ಮಾಟ, ಯಾಕೆ ಮಾಡಿದ್ದು ಎಂದು ಸೊಸೆ ಕೇಳಿದಳು. ಅತ್ತೆ ಬಾಯಿ ತೆರೆಯುವಷ್ಟರಲ್ಲಿ ಮನೆಯೊಳಗಿನಿಂದ ಮಾವನ ಕೋಲು ನೆಲಕ್ಕೆ ಕುಟ್ಟಿದ ಸದ್ದು ಬಂತು. ತೆರೆದ ಬಾಯಿ ಹಾಗೇ ಮುಚ್ಚಿತು. ಅತ್ತೆ ತಲೆ ತಗ್ಗಿಸಿಕೊಂಡು ಹೊರಟುಹೋದರು.

ಈ ಮನೆಯ ಈ ಗುಣ ಕಂಡರೇ ಸೊಸೆಗೆ ಮೈ ಉರಿಯುತ್ತಿತ್ತು. ಮದುವೆಯಾಗಿ ಬಂದಂದಿನಿಂದ ನೋಡುತ್ತಿದ್ದಾಳೆ, ಏನು ಕೇಳಿದರೂ ಅರ್ಧ ಹೇಳುವುದು, ಉಳಿದರ್ಧ ನುಂಗಿಕೊಳ್ಳುವುದು. ನಡುಮನೆಯ ಗೋಡೆಯಲ್ಲಿ ಗಂಡನ ಅಣ್ಣನ ಫೋಟೊ ಇದೆ. ಹೇಗೆ ಹೋದರು ಎಂದರೆ 'ಆಕ್ಸಿಡೆಂಟು' ಎಂಬ ಒಂದೇ ಪದ. ಎಲ್ಲಿ, ಯಾವಾಗ, ಯಾವ ಗಾಡಿಯಲ್ಲಿ? ಗಾಲಿಕುರ್ಚಿಯಲ್ಲಿ ಕೂತ ಮಾವ ಕೋಲು ಕುಟ್ಟುತ್ತಾರೆ, ಎಲ್ಲರೂ ತಮ್ಮ ತಮ್ಮ ತಟ್ಟೆ ನೋಡಿಕೊಳ್ಳುತ್ತಾರೆ. ಗಂಡನಿಗೂ ನಿಜ ಗೊತ್ತಿರಲಿಲ್ಲ. ಆಗ ಅವನು ಹಾಸ್ಟೆಲಿನಲ್ಲಿ ಓದುತ್ತಿದ್ದನಂತೆ. ಅವಳೋ ಗ್ಯಾರೇಜಿನಲ್ಲಿ ವಾಹನಗಳ ವೈರಿಂಗ್ ಮಾಡುವವಳು, ಅಲ್ಲಿನವರ ಬಾಯಲ್ಲಿ 'ಕರೆಂಟಕ್ಕ'. ತಂತಿ ಹಿಡಿದು ಹೊರಟರೆ ಕೆಟ್ಟಿದ್ದೆಲ್ಲಿ ಎಂದು ಕಂಡುಕೊಳ್ಳುವವರೆಗೂ ಬಿಡುವವಳಲ್ಲ. ಮುಚ್ಚಿಡುವವರನ್ನು ಕಂಡರೆ ಅವಳಿಗೆ ಆಗಿಬರುತ್ತಿರಲಿಲ್ಲ.

ಕಾರು ಮಾತ್ರ ಕಣ್ಣಿಗೆ ಹಬ್ಬದಂತಿತ್ತು. ಉಬ್ಬುಗೆನ್ನೆಯ ಮುಂಭಾಗ, ಗುಂಡುಗುಂಡಾದ ಲ್ಯಾಂಪು, ಧೂಳಿನಡಿಯಲ್ಲಿ ಕಡುಹಸಿರು ಬಣ್ಣ. ಗಂಡನಿಗೆ ಚಿಕ್ಕಂದಿನಿಂದ ಅದರ ಮೇಲೆ ಜೀವ, ಆದರೆ ಹಾಸ್ಟೆಲಿನಿಂದ ಬಂದ ಮೇಲೆ ಮನೆಯವರು ಒಂದು ದಿನವೂ ಅದರಲ್ಲಿ ಕೂರಲು ಬಿಟ್ಟಿರಲಿಲ್ಲ. ಅವನಿಗಾಗಿಯೇ ಅವಳು ಈ ಕೆಲಸಕ್ಕೆ ಕೈ ಹಾಕಿದ್ದಳು. ಶೆಡ್ಡಿಗೆ ಕಿಟಕಿ ಇರಲಿಲ್ಲ. ನಡು ಮಧ್ಯಾಹ್ನವೂ ಒಳಗೆ ಗವ್ವೆನ್ನುವ ಕತ್ತಲು, ಇಲಿ ಹಿಕ್ಕೆಯ ನಾತ, ಹಳಸಿದ ಪೆಟ್ರೋಲಿನ ವಾಸನೆ. ಭಾನುವಾರ ಬಂತೆಂದರೆ ಅವಳು ಅಲ್ಲೇ. ಬ್ಯಾಟರಿಗೆ ಚಾರ್ಜ್ ಕೊಡುವ ಹಳೇ ಡೈನಮೊ ಕಿತ್ತು ಆಲ್ಟರ್ನೇಟರ್ ಕೂರಿಸಿದಳು. ಮುಂದಿನ ಚಕ್ರಗಳಿಗೆ ಡಿಸ್ಕ್ ಬ್ರೇಕು ಹಾಕಿಸಿದಳು. ಹರಿದು ಪುಡಿಯಾಗುತ್ತಿದ್ದ ಬಟ್ಟೆ ಸುತ್ತಿದ ವೈರುಗಳನ್ನೆಲ್ಲ ತೆಗೆದು ಹೊಸದಾಗಿ ಎಳೆದಳು.

ಒಂದು ವಿಷಯ ಮಾತ್ರ ಅವಳಿಗೆ ಅರ್ಥವಾಗಲಿಲ್ಲ. ಗಾಡಿಯಲ್ಲಿ ಎಲ್ಲವೂ ಅದರದೇ, ಸ್ಟೇರಿಂಗ್ ಚಕ್ರ ಮಾತ್ರ ಬೇರೆ ಯಾವುದೋ ಗಾಡಿಯದು. ಅಳತೆಗೆ ಹೊಂದದೆ ತಗಡಿನ ಚೂರು ತುರುಕಿ ಕೂರಿಸಿದ್ದರು. ಇಷ್ಟು ಜೋಪಾನ ಮಾಡಿಟ್ಟ ಗಾಡಿಯ ಸ್ಟೇರಿಂಗ್ ಎಲ್ಲಿ ಹೋಯಿತು? ಕೇಳಿದರೆ ಕೋಲಿನ ಸದ್ದು.

ಕೊನೆಗೆ ಉಳಿದದ್ದು ಆ ತಂತಿ. ಸ್ಟೇರಿಂಗಿನ ಕಂಬಕ್ಕೆ ಬಿಗಿಯಾಗಿ ಸುತ್ತಿದ ದಪ್ಪ ತಾಮ್ರ, ಮೇಲೆ ಕಪ್ಪಗಿನ ಅಂಟು. ಅವಳು ತುದಿ ಹುಡುಕಿದಳು. ಅದು ಎಲ್ಲಿಂದಲೂ ಬಂದಿರಲಿಲ್ಲ, ಎಲ್ಲಿಗೂ ಹೋಗಿರಲಿಲ್ಲ. ಎರಡು ತುದಿಯೂ ಸುತ್ತಿನೊಳಗೇ ಹೂತುಕೊಂಡಿದ್ದವು. ವೈರಿಂಗ್ ಮಾಡುವವರಿಗೆ ಇದಕ್ಕಿಂತ ಕಿರಿಕಿರಿ ಇನ್ನೊಂದಿಲ್ಲ. ಕೆಲಸವಿಲ್ಲದ ತಂತಿ ಗಾಡಿಯಲ್ಲಿದ್ದರೆ ಇವತ್ತಲ್ಲ ನಾಳೆ ಅದು ಯಾವುದಕ್ಕೋ ತಗುಲಿ ಶಾರ್ಟ್ ಆಗಿಯೇ ತೀರುತ್ತದೆ. ಬೇರೆ ಯಾರಾದರೂ ಹಾಗೇ ಬಿಟ್ಟಿರುತ್ತಿದ್ದರೇನೋ. ಅವಳ ಕೈ ತಡೆಯಲಿಲ್ಲ. ಕಟರ್ ಇಟ್ಟು ಒತ್ತಿಯೇಬಿಟ್ಟಳು.

ಟಣ್ ಎಂದಿತು. ತಂತಿ ತಾನೇ ಬಿಚ್ಚಿಕೊಂಡು ಅವಳ ಎದೆಯ ಮೇಲೆ ಬಿತ್ತು. ಚರ್ಮ ಸುಟ್ಟ ವಾಸನೆ ಗಪ್ಪನೆ ಮೂಗಿಗೆ ಹೊಡೆಯಿತು. ಮನೆಯೊಳಗೆ ಕೋಲು ಕೈಜಾರಿ ಉರುಳಿದ ಸದ್ದು. ಅವಳು ಉಸಿರು ಹಿಡಿದು ಕಾದಳು. ಏನೂ ಆಗಲಿಲ್ಲ. 'ಇಷ್ಟೇನಾ ನಿಮ್ಮ ಮಾಟ!' ಎಂದು ತಂತಿಯನ್ನು ಗುಜರಿ ಡಬ್ಬಕ್ಕೆ ಎಸೆದಳು.

ಮುಂದಿನ ಭಾನುವಾರ ಸೀಟು ಕೂರಿಸಿ, ಬ್ಯಾಟರಿ ಕೊಟ್ಟು, ಕೀಲಿ ತಿರುಗಿಸಿದಳು. ಎಂಜಿನ್ ಒಮ್ಮೆ ಕೆಮ್ಮಿ, ಆಮೇಲೆ ಸಣ್ಣಗೆ ಗುನುಗಿತು. ಅಂಗಳದಲ್ಲಿ ಒಂದು ಸುತ್ತು ಹೊಡೆದು ಶೆಡ್ಡಿಗೆ ತಂದು ನಿಲ್ಲಿಸಿ, ಕೀಲಿ ಕಿತ್ತು ಜೇಬಿಗೆ ಹಾಕಿಕೊಂಡಳು. ಬಾಗಿಲಲ್ಲಿ ಬಿಳಿಚಿಕೊಂಡು ನಿಂತಿದ್ದ ಅತ್ತೆಯ ಮುಂದೆ ಎರಡೂ ಕೈ ಚಾಚಿ ಚಪ್ಪಾಳೆ ತಟ್ಟಿದಳು.

"ನೋಡಿದ್ರಾ? ಸತ್ತೆನಾ ನಾನು?"

"ತಂತಿ ತೆಗೆದ್ಯಾ?" ಎಂದರು ಅತ್ತೆ. "ನಿನಗೇನೂ ಆಗಲ್ಲ. ನೀನು ಹೊರಗಿನವಳು. ನನ್ನ ಮಗನ್ನ ಮಾತ್ರ ಇದರಲ್ಲಿ ಕೂರಿಸಬೇಡ."

ಹೊರಗಿನವಳು! ಈ ಮನೆಯ ಅನ್ನ ಬೇಯಿಸಿ, ಮಾವನ ಬಟ್ಟೆ ಒಗೆದು, ರಜೆಯನ್ನೆಲ್ಲ ಈ ಗಾಡಿಗೆ ಸುರಿದವಳು ಹೊರಗಿನವಳು! ತುಂಬಿಟ್ಟುಕೊಂಡಿದ್ದ ಸಿಟ್ಟೆಲ್ಲ ಒಮ್ಮೆಲೇ ನೆತ್ತಿಗೇರಿತು. ಆ ಕ್ಷಣ ಯಾಕೆ ಎಂದು ಒಂದು ಮಾತು ಕೇಳಿದ್ದರೆ ಅತ್ತೆ ಹೇಳಿಬಿಡುತ್ತಿದ್ದರು. ಅವಳು ಕೇಳಲಿಲ್ಲ. ಸಿಟ್ಟು ಬಂದವರಿಗೆ ಕಿವಿ ಎಲ್ಲಿರುತ್ತದೆ?

"ಏಯ್, ಬಾ ಇಲ್ಲಿ!" ಎಂದು ಗಂಡನನ್ನು ಕೂಗಿದಳು. "ಹತ್ತು. ಕೂತ್ಕೋ. ಸ್ಟೇರಿಂಗ್ ಹಿಡಿ. ಇವರ ಕತೆ ಇವತ್ತಿಗೆ ಮುಗೀಲಿ."

ಅತ್ತೆ ಅಡ್ಡ ಬಂದರು. ಅವಳು ಅವರ ತೋಳು ಹಿಡಿದು ಪಕ್ಕಕ್ಕೆ ಸರಿಸಿದಳು. ಗಂಡ ಮಗುವಿನ ಹಾಗೆ ನಗುತ್ತಾ ಹತ್ತಿ ಕೂತ. ಸೀಟನ್ನು ಸವರಿದ. ಎರಡೂ ಕೈಯಲ್ಲಿ ಚಕ್ರ ಹಿಡಿದ.

ಎಂಜಿನ್ ಹೊತ್ತಿಕೊಂಡಿತು. ಕೀಲಿ ಅವಳ ಜೇಬಿನಲ್ಲೇ ಇತ್ತು.

"ಏ... ಬಿಸಿ," ಎಂದ ಗಂಡ, ಇನ್ನೂ ನಗುತ್ತಲೇ. ಮರುಕ್ಷಣ ನಗು ಆರಿತು. "ಬಿಸಿ ಕಣೇ! ಕೈ ಬರ್ತಾ ಇಲ್ಲ! ಕೈ!"

ಅವಳು ಬಾನೆಟ್ ಎತ್ತಿ ಬ್ಯಾಟರಿಯ ವೈರು ಕಿತ್ತಳು. ಎಂಜಿನ್ ನಿಲ್ಲಲಿಲ್ಲ. ಕಿಡಿ ಹುಟ್ಟಿಸುವ ಕಾಯಿಲ್ ಕಿತ್ತಳು. ನಿಲ್ಲಲಿಲ್ಲ. ಪೆಟ್ರೋಲ್ ಪೈಪು ಎಳೆದುಹಾಕಿದಳು. ನಿಲ್ಲಲಿಲ್ಲ. ತಾನು ಕೂರಿಸಿದ ಒಂದೊಂದನ್ನೂ ತಾನೇ ಕಿತ್ತಳು. ಕರೆಂಟಿಲ್ಲ, ಎಣ್ಣೆಯಿಲ್ಲ, ಆದರೂ ಗಾಡಿ ರೊಚ್ಚಿಗೆದ್ದು ಗುರುಗುಟ್ಟುತ್ತಿತ್ತು. ಶೆಡ್ಡಿನ ತುಂಬ ಹೊಗೆ. ಹೊಗೆಯಲ್ಲಿ ಅದೇ ವಾಸನೆ, ಚರ್ಮ ಸುಟ್ಟದ್ದು. ಈಗ ಅದು ಗಂಡನ ಅಂಗೈಯಿಂದ ಬರುತ್ತಿತ್ತು. ಓಡಿಹೋಗಿ ಅವನ ಬೆರಳು ಬಿಡಿಸಲು ನೋಡಿದಳು. ಅವಳ ಕೈಗೆ ಚಕ್ರ ತಣ್ಣಗಿತ್ತು. ಅವನಿಗೆ ಮಾತ್ರ ಸುಡುತ್ತಿತ್ತು. ಅವನ ಚೀರಾಟ ಕೇಳಲಾಗುತ್ತಿರಲಿಲ್ಲ.

"ಹೇಳಿ!" ಎಂದು ಅತ್ತೆಯ ಭುಜ ಹಿಡಿದು ಅಲುಗಾಡಿಸಿದಳು. "ಈಗಲಾದ್ರೂ ಬಾಯಿ ಬಿಡಿ!"

ಅತ್ತೆ ಬಾಯಿ ಬಿಟ್ಟರು. ಇಷ್ಟು ವರ್ಷ ನುಂಗಿದ್ದೆಲ್ಲ ಹೊರಬಿತ್ತು. ಈ ಗಾಡಿಗೆ ಒಬ್ಬ ಡ್ರೈವರ್ ಇದ್ದ. ಒಂದು ದಿನ ಅತ್ತೆಯ ಬಳೆ ಕಾಣೆಯಾಯಿತು. ಮಾವ ಅವನ ಮೇಲೆ ಕಳ್ಳತನ ಹೊರಿಸಿದರು. ಕದ್ದಿಲ್ಲವಾದರೆ ಕೈ ಸುಡುವುದಿಲ್ಲ, ತೋರಿಸು ಎಂದು ಆಗಷ್ಟೇ ಓಡಿ ಬಂದ ಗಾಡಿಯ ಕಾದ ಸೈಲೆನ್ಸರಿಗೆ ಅವನ ಎರಡೂ ಅಂಗೈ ಹಿಡಿದು ಒತ್ತಿದರು. ಬಳೆ ಆಮೇಲೆ ಮಂಚದ ಕೆಳಗೆ ಸಿಕ್ಕಿತು. ಅಷ್ಟರಲ್ಲಿ ಡ್ರೈವರನ ಕೈಗೆ ಕೀವು ತುಂಬಿ, ಕೀವು ಮೈಗೇರಿ, ಅವನು ಸತ್ತಿದ್ದ. ಸಾಯುವ ಮುಂಚೆ ಬಂದು, ಆ ಕೈಯ ನೆತ್ತರು ಕೀವನ್ನೇ ಗಾಡಿಗೆ ಬಳಿದು ಮಾಟ ಮಾಡಿ ಹೋಗಿದ್ದ.

"'ನನ್ನ ಕೈ ಸುಟ್ಟವನ ಕೈ ಇಲ್ಲಿಗೆ ಬರೋವರೆಗೂ ಈ ಮನೆ ರಕ್ತದ ಕೈಯನ್ನ ಈ ಗಾಡಿ ಬಿಡಲ್ಲ' ಅಂದ. ನನ್ನ ದೊಡ್ಡ ಮಗ ಬೆಳಗಿಂದ ಸಂಜೆವರೆಗೆ ಇದರಲ್ಲೇ ಕಿರುಚ್ತಾ ಕೂತಿದ್ದ ಕಣಮ್ಮ. ಇವರು ಬಂದು ಒಂದು ಸಲ ಕೈ ಇಟ್ಟಿದ್ರೆ ಸಾಕಿತ್ತು. ಆಗ ಕಾಲು ಗಟ್ಟಿಯಿದ್ರೂ ಕೂತ ಜಾಗದಿಂದ ಏಳಲಿಲ್ಲ. ಹೆಣದ ಕೈಯಿಂದ ಸ್ಟೇರಿಂಗ್ ಬಿಡಿಸೋಕಾಗದೆ ಅದರ ಸಮೇತ ಚಿತೆಗೆ ಇಟ್ವಿ. ಆಮೇಲೆ ಮಂತ್ರವಾದಿ ಕರೆಸಿ ತಂತಿ ಕಟ್ಟಿಸಿದ್ರು."

ಸೊಸೆ ಪೂರ್ತಿ ಕೇಳಿಸಿಕೊಂಡಳೋ ಇಲ್ಲವೋ. ನಡುಮನೆಗೆ ನುಗ್ಗಿದಳು. ಮಾವ ಗಾಲಿಕುರ್ಚಿಯಲ್ಲಿ ನೆಟ್ಟಗೆ ಕೂತಿದ್ದರು. ಮಗನ ಕೂಗು ಗೋಡೆ ದಾಟಿ ಬರುತ್ತಿತ್ತು. ಅವರು ಹಿರಿಯ ಮಗನ ಫೋಟೊಗೆ ಬೆನ್ನು ಹಾಕಿದ್ದರು.

"ಬನ್ನಿ ಮಾವ. ಕೈ ಇಡಿ."

"ತಂತಿ ಕಿತ್ತಿದ್ದು ನೀನು. ನೀನೇ ಅನುಭವಿಸು."

"ನಿಮ್ಮ ಮಗ ಸುಟ್ಟುಹೋಗ್ತಿದ್ದಾನೆ!"

"ಒಬ್ಬ ಡ್ರೈವರನ ಮುಂದೆ ನಾನು ಕೈ ಚಾಚ್ಬೇಕಾ?" ಎಂದರು ಮಾವ.

ಇಂಥ ಮಾತಿಗೆ ಯಾರ ರಕ್ತ ಕುದಿಯುವುದಿಲ್ಲ? ಅವಳು ಗಾಲಿಕುರ್ಚಿಯ ಹಿಡಿ ಹಿಡಿದು ತಳ್ಳಿದಳು. ಮಾವ ಕೋಲು ಬೀಸಿದರು. ಹಣೆ ಒಡೆಯಿತು. ತಳ್ಳಿದಳು. ಮೆಟ್ಟಿಲ ಮೇಲೆ ಕುರ್ಚಿ ದಡಬಡ ಇಳಿಯಿತು. ಕೋಲು ಕಿತ್ತು ಎಸೆದಳು. ಹೊಗೆ. ಕಣ್ಣು ಕಾಣಲಿಲ್ಲ. ಗಂಡನ ಕೂಗು ಕ್ಷೀಣಿಸಿತ್ತು. ಕಾರಿನ ಬಾಗಿಲಿಗೆ ಕುರ್ಚಿ ತಗುಲಿತು. ಮುದುಕರ ಬಲಗೈಯ ಮಣಿಕಟ್ಟು ಹಿಡಿದಳು. ಅವರು ಮುಷ್ಟಿ ಬಿಗಿದರು. ಬೆರಳು ಒಂದೊಂದಾಗಿ ಬಿಡಿಸಿದಳು. ಎಳೆದಳು. ಒತ್ತಿದಳು.

ಚುರ್ ಎಂದಿತು.

ಮಾವ ಕೂಗಿದ ಕೂಗಿಗೆ ಶೆಡ್ಡಿನ ತಗಡು ನಡುಗಿತು. ಗಂಡನ ಕೈಗಳು ಚಕ್ರದಿಂದ ಕಳಚಿದವು. ಅವನು ಆಚೆ ಬಾಗಿಲಿನಿಂದ ನೆಲಕ್ಕುರುಳಿ, ಅಂಗೈ ಎದೆಗವಚಿಕೊಂಡು ಮುದುಡಿದ. ಬದುಕಿದ್ದ. ಉಸಿರಾಡುತ್ತಿದ್ದ. ಅವಳು ಒತ್ತಿದ ಕೈಯನ್ನು ಆಗಲೇ ತೆಗೆಯಬಹುದಿತ್ತು. ತೆಗೆಯಲಿಲ್ಲ. ಡ್ರೈವರಿಗಾಗಿ ಒಂದಿಷ್ಟು, ಫೋಟೊದಲ್ಲಿದ್ದವನಿಗಾಗಿ ಒಂದಿಷ್ಟು, ತನ್ನ ಗಂಡನಿಗಾಗಿ ಇನ್ನಷ್ಟು ಒತ್ತಿದಳು. ನಿಜ ಹೇಳಬೇಕೆಂದರೆ ಅವಳಿಗೆ ಹಾಯೆನಿಸಿತು.

ಎಂಜಿನ್ ನಿಂತಿತು.

ಮಾವ ನಿಧಾನವಾಗಿ ಅವಳತ್ತ ಮುಖ ತಿರುಗಿಸಿದರು. ಆ ಕಣ್ಣಲ್ಲಿ ನೋವಿಗಿಂತ ಹಗೆಯೇ ಹೆಚ್ಚಿತ್ತು. ತುಟಿ ಅಲುಗಿತು.

"ನನ್ನ ಕೈ ಸುಟ್ಟ ಕೈ," ಎಂದರು, "ನನ್ನನ್ನ ಬಿಡದೇ ಹೋಗ್ಲಿ."

ಅಷ್ಟೇ. ತಲೆ ಎದೆಯ ಮೇಲೆ ವಾಲಿತು. ಅವರ ಕೈ ಚಕ್ರದಿಂದ ಜಾರಿ ತೊಡೆಯ ಮೇಲೆ ಬಿತ್ತು. ಅದರ ಜೊತೆಗೇ ಅವಳ ಕೈಯೂ ಬಿತ್ತು.

ಅವಳು ಎಳೆದಳು. ಬರಲಿಲ್ಲ. ಕಾಲು ಕುರ್ಚಿಗೆ ಕೊಟ್ಟು ಎಳೆದಳು. ಹೆಣವೇ ಅವಳತ್ತ ವಾಲಿತು. ಬೆರಳುಗಳು ಸತ್ತವರ ಮಣಿಕಟ್ಟಿನ ಸುತ್ತ ಹಾಗೇ ಮಡಿಚಿಕೊಂಡಿದ್ದವು.

ಗಂಡ ಮೊಣಕೈ ಊರಿಕೊಂಡು ತೆವಳುತ್ತಾ ಬಂದ. ಅಂಗೈಯ ಚರ್ಮ ಸುಲಿದು ಹಸಿಮಾಂಸ ಕಾಣುತ್ತಿತ್ತು. ಅವನು ತನ್ನ ಕೈ ನೋಡಲಿಲ್ಲ, ಅಪ್ಪನ ಮುಖ ನೋಡಿದ. ಆಮೇಲೆ ಆ ಮಣಿಕಟ್ಟನ್ನು ಹಿಡಿದೇ ಇದ್ದ ಅವಳ ಕೈ ನೋಡಿದ.

"ಸತ್ತ ಮೇಲೂ ಬಿಡಲ್ವೇನೇ ನೀನು?" ಎಂದ. ಅಂಥ ದನಿಯಲ್ಲಿ ಅವನು ಅವಳೊಡನೆ ಎಂದೂ ಮಾತಾಡಿರಲಿಲ್ಲ. ಅವಳು ಬಾಯಿ ತೆರೆಯುವ ಮುಂಚೆಯೇ ಗೋಡೆ ಹಿಡಿದು ಎದ್ದು, ತೂರಾಡುತ್ತಾ ಹೊರಗೆ ನಡೆದುಬಿಟ್ಟ.

ಅತ್ತೆ ಮಾತ್ರ ಉಳಿದರು. ಪಕ್ಕದಲ್ಲಿ ಕುಕ್ಕರಿಸಿ ಕೂತು, ಸೆರಗಿನಿಂದ ಅವಳ ಹಣೆಯ ರಕ್ತ ಒರೆಸಿದರು.

"ಸಿಟ್ಟು ಇಳಿಸ್ಕೋ ಮಗಳೇ," ಎಂದರು. "ಡ್ರೈವರನ ಸಿಟ್ಟು ಇಳಿದಿದ್ದಕ್ಕೆ ನನ್ನ ಮಗನ್ನ ಬಿಟ್ಟ. ಇಲ್ಲಿ ಹಿಡಿದಿರೋದು ನಿನ್ನ ಸಿಟ್ಟು, ಅದು ಇಳಿದ್ರೆ ಇದೂ ಬಿಡುತ್ತೆ. ಹೋದವರನ್ನ ಕ್ಷಮಿಸಿಬಿಡು."

ಅವಳು ಕಣ್ಣು ಮುಚ್ಚಿದಳು. ಕ್ಷಮಿಸಬೇಕೆಂದೇ ಮನಸ್ಸು ಮಾಡಿದಳು. ಮುದುಕರು, ಪಾಪ, ಸತ್ತೇಹೋದರು ಎಂದುಕೊಂಡಳು. ಆದರೆ ಮುಚ್ಚಿದ ಕಣ್ಣಿನೊಳಗೆ ಕಂಡದ್ದು ಬೇರೆ. ಹಿರಿಯ ಮಗ ಇಲ್ಲೇ ಕೂತು ಕಿರುಚುತ್ತಿದ್ದಾನೆ, ಸಂಜೆಯಾಗುತ್ತಿದೆ, ಗೋಡೆಯಾಚೆ ಅಪ್ಪ ಕೂತ ಜಾಗದಿಂದ ಏಳುತ್ತಿಲ್ಲ. ಅವಳ ಹಲ್ಲು ತಾನಾಗಿ ಕಚ್ಚಿಕೊಂಡಿತು. ಬೆರಳು ಇನ್ನೂ ಬಿಗಿಯಾದವು.

ಆಗ ಅವಳ ಅಂಗೈಯ ಕೆಳಗೆ ಸತ್ತವರ ಮಣಿಕಟ್ಟು ಬಿಸಿಯಾಗತೊಡಗಿತು.