ಬೆರಳಚ್ಚಿಗೆ ನೆರವಾದವರು

ಇನ್ನೂರ ಎಂಬತ್ತು ಪುಟಗಳ ಪುಸ್ತಕದಲ್ಲಿ ರೇಣುಕಾಳ ಹೆಸರು ಒಂದೇ ಒಂದು ಕಡೆ ಇತ್ತು. ಮುನ್ನುಡಿಯ ಕೊನೆಯಲ್ಲಿ, ಮುಖಪುಟ ಬರೆದ ಕಲಾವಿದನ ಹೆಸರಿನ ಕೆಳಗೆ: ‘ಬೆರಳಚ್ಚಿಗೆ ನೆರವಾದ ಕುಮಾರಿ ರೇಣುಕಾ ಅವರಿಗೆ ವಂದನೆಗಳು.’

ಆರು ವರ್ಷ ಅವಳು ಆ ಕೆಲಸಕ್ಕೆ ಜೀವ ತೇದಿದ್ದಳು. ಗ್ರಂಥಾಲಯಗಳ ಗೆದ್ದಲು ಹಿಡಿದ ಕಪಾಟುಗಳಿಂದ, ರದ್ದಿ ಅಂಗಡಿಗಳಿಂದ ಹಳೆಯ ವಾರಪತ್ರಿಕೆಗಳನ್ನು ಎತ್ತಿ ತಂದು, ನೂರು ವರ್ಷಗಳ ಕೊಲೆ ಕತೆಗಳನ್ನು ಒಂದರ ಪಕ್ಕ ಒಂದಿಟ್ಟು ಹೋಲಿಸಿದ್ದಳು. ಅವಳ ಪಿಎಚ್‌ಡಿ ಮಾರ್ಗದರ್ಶಕ ಗವಿಸಿದ್ದಪ್ಪನವರು ‘ಓದಿ ಕೊಡ್ತೀನಿ’ ಎಂದು ಹಸ್ತಪ್ರತಿ ಇಟ್ಟುಕೊಂಡರು. ಎಂಟು ತಿಂಗಳ ಮೇಲೆ ಅದು ಅವರ ಪುಸ್ತಕವಾಗಿ ಹೊರಬಂತು. ಇನ್ನು ಅವಳು ಅದೇ ಪ್ರಬಂಧ ಸಲ್ಲಿಸಿದರೆ ಕದ್ದವಳು ಅವಳೇ ಆಗುತ್ತಿದ್ದಳು. ಸಿರುಗುಪ್ಪದ ಖಾಸಗಿ ಕಾಲೇಜಿನಲ್ಲಿ ಹನ್ನೊಂದು ವರ್ಷದಿಂದ ಅರೆಕಾಲಿಕ ಉಪನ್ಯಾಸಕಿಯಾಗಿದ್ದವಳು ಅಲ್ಲಿಯೇ ಉಳಿಯಬೇಕಾಯಿತು.

ಬಳ್ಳಾರಿಯ ಪಾರ್ವತಿನಗರದ ಅವರ ಮನೆಗೆ ಹೋಗಿ ಕೇಳಿದ್ದಳು. ಅವರು ನಗುತ್ತಲೇ ಎಲೆಯಡಿಕೆ ತಟ್ಟೆ ಮುಂದೆ ತಳ್ಳಿದರು.

“ನೀ ಕೂಡಿಸಿದ್ದಿ, ನಾ ಬರದೀನಿ. ಕೂಡಿಸೋದು ಬ್ಯಾರೆ, ಬರಿಯೋದು ಬ್ಯಾರೆ ಅಮ್ಮ. ನಿನ್ನ ಹೆಸರು ಹಾಕೀನಲ್ಲ, ನೋಡಿಲ್ಲೇನು?”

“ನೋಡೀನ್ರಿ ಸರ್,” ಎಂದಳು ರೇಣುಕಾ. ಎದ್ದು ಮೆಟ್ಟಿಲಿಳಿದಳು.

ಹಳೆಯ ಕಾಲದ ಕತೆಗಳಲ್ಲಿ ಕೊಲೆಗಾರನನ್ನು ಹಿಡಿದುಕೊಡುತ್ತಿದ್ದುದು ವಸ್ತು. ವಿಷದ ಲೋಟ, ಅಂಗಿಯ ಗುಂಡಿ, ಕೆಸರಿನ ಹೆಜ್ಜೆ. ಮನೆಮನೆಗೆ ಗಡಿಯಾರ ಬಂದ ಮೇಲಿನ ಕತೆಗಳಲ್ಲಿ ಹಿಡಿದುಕೊಡುತ್ತಿದ್ದುದು ವೇಳೆ. ಏಳರ ರೈಲಿನಲ್ಲಿದ್ದೆ ಎಂದವನನ್ನು ಆ ದಿನ ರೈಲು ತಡವಾಗಿ ಬಂದ ಸುದ್ದಿ ಮುಳುಗಿಸುತ್ತಿತ್ತು. ಈಗಿನ ಕತೆಗಳಲ್ಲಿ ಯಂತ್ರ. ಮೊಬೈಲು ಎಲ್ಲಿತ್ತು, ಕ್ಯಾಮೆರಾ ಏನು ಕಂಡಿತು, ಅಷ್ಟೇ. ಪ್ರತಿ ಕಾಲದ ಕೊಲೆಗಾರನೂ ಹಿಂದಿನವನ ತಪ್ಪನ್ನು ತಿದ್ದಿಕೊಂಡು ತನ್ನ ಕಾಲದ್ದರಲ್ಲಿ ಸಿಕ್ಕಿಬೀಳುತ್ತಾನೆ ಎಂಬುದು ಅವಳ ತೀರ್ಮಾನವಾಗಿತ್ತು. ಈಗ ಅದು ಇನ್ನೂರ ಎಪ್ಪತ್ತನೇ ಪುಟದಲ್ಲಿ ಗವಿಸಿದ್ದಪ್ಪನವರ ತೀರ್ಮಾನ.

ತಾನು ಮೂರೂ ಕಾಲದವರಿಗಿಂತ ಜಾಣಳಾಗಿರಬೇಕು ಎಂದು ಅವಳು ನಿರ್ಧರಿಸಿದಳು.

ವಸ್ತು ಬೇಡವೇ ಬೇಡ. ಗವಿಸಿದ್ದಪ್ಪನವರು ಬೇಸಿಗೆ ಮುಗಿದ ಮೇಲೆ ಕುರುಗೋಡಿನ ತಮ್ಮ ತೋಟದ ಮನೆಗೆ ಬಂದಿದ್ದರು. ದಿನಾ ಬೆಳಗಾಗುವ ಮುನ್ನ ಕಾಲುವೆಯ ಏರಿ ಮೇಲೆ ತಿರುಗಾಡಿ, ಚಪ್ಪಲಿ ಬಿಟ್ಟು, ಸೋಪಾನ ಇಳಿದು ಮುಖ ತೊಳೆಯುತ್ತಿದ್ದರು. ತಮ್ಮ ಈ ಶಿಸ್ತನ್ನು ಅವರು ಪ್ರತಿ ಭಾಷಣದಲ್ಲೂ ಹೇಳಿಕೊಳ್ಳುತ್ತಿದ್ದರು. ರೇಣುಕಾ ಮೋಕ ಹಳ್ಳಿಯ ರೈತನ ಮಗಳು. ತುಂಬಿದ ಕಾಲುವೆ ಎಮ್ಮೆಯನ್ನೂ ಹೇಗೆ ಎಳೆದೊಯ್ಯುತ್ತದೆಂದು ಸಣ್ಣಂದಿನಿಂದ ಕಂಡವಳು. ಒಂದು ನೂಕು ಸಾಕಿತ್ತು.

ವೇಳೆಯ ಬಗ್ಗೆ ಜಾಣ ಸುಳ್ಳು ಹೇಳಬಾರದು. ಸುಳ್ಳು ಸಪ್ಪಗಿರಬೇಕು. ಜ್ವರ, ಹಾಸಿಗೆ, ನಿದ್ದೆ. ಒಂಟಿ ಹೆಂಗಸಿನ ನಿದ್ದೆಯನ್ನು ಯಾರೂ ಅಳೆಯಲಾರರು. ಮಂಗಳವಾರ ಸಂಜೆಯೇ ಪ್ರಿನ್ಸಿಪಾಲರಿಗೆ ‘ಜ್ವರ ಬಂದಿದೆ, ನಾಳೆ ಬರಲಾಗದು’ ಎಂದು ಸಂದೇಶ ಕಳಿಸಿದಳು. ಕೆಳಗಿನ ಮನೆಯ ಇಮಾಂಬೀಗೂ ಅದನ್ನೇ ಹೇಳಿದಳು. ಇಮಾಂಬೀ ಮನೆಯೊಡತಿ, ಅರವತ್ತು ದಾಟಿದ ವಿಧವೆ, ಮೊಣಕಾಲು ನೋವಿನಿಂದ ಮೆಟ್ಟಿಲು ಹತ್ತುವುದನ್ನೇ ಬಿಟ್ಟಿದ್ದಳು.

“ಗಂಜಿ ಮಾಡಿ ಕೊಡ್ಲೇನು ಬೇಟಿ?”

“ಬ್ಯಾಡ್ರಿ ಅಮ್ಮಾ. ಮಲಗಿಬಿಡ್ತೀನಿ.”

ಯಂತ್ರಗಳ ಸರದಿ ಕೊನೆಯದು. ಮೊಬೈಲು ಮನೆಯಲ್ಲಿ, ಹಾಸಿಗೆಯ ಮೇಲೆ, ಚಾಲೂ ಇರಬೇಕು. ಸ್ಕೂಟಿಯನ್ನು ಹಿಂದಿನ ದಿನವೇ ಎರಡು ಬೀದಿ ಆಚೆ ರೈಸ್‌ಮಿಲ್ಲಿನ ಹಮಾಲರ ಗಾಡಿಗಳ ನಡುವೆ ನಿಲ್ಲಿಸಿ ಬಂದಳು. ಹೆದ್ದಾರಿ ಬಿಟ್ಟು ಭತ್ತದ ಗದ್ದೆಗಳ ನಡುವಿನ ಕಾಲುವೆ ದಾರಿಯಲ್ಲಿ ಎರಡು ಸಲ ಓಡಾಡಿ, ಒಂದೂ ಕ್ಯಾಮೆರಾ ಇಲ್ಲವೆಂದು ಖಾತ್ರಿ ಮಾಡಿಕೊಂಡಿದ್ದಳು. ಬಾಗಿಲಿಗಿದ್ದುದು ಒಳಬೀಗ. ಹೊರಗಿನಿಂದ ನೋಡಿದವರಿಗೆ ಒಳಗೆ ಜನ ಇದ್ದಾರೋ ಇಲ್ಲವೋ ತಿಳಿಯದು. ಇಮಾಂಬೀ ಏಳುವುದು ಐದರ ಅಜಾನಿಗೆ. ಬುಧವಾರ ರೇಣುಕಾ ನಾಲ್ಕಕ್ಕೇ ಮೆಟ್ಟಿಲಿಳಿದಳು.

ಕುರುಗೋಡಿನ ಗುಡ್ಡದ ಬಂಡೆಗಳು ಬೂದು ಬಣ್ಣಕ್ಕೆ ತಿರುಗುವ ಹೊತ್ತಿಗೆ ಗವಿಸಿದ್ದಪ್ಪನವರು ಏರಿಯ ಮೇಲೆ ಬಂದರು. ಹಾಲುಬಿಳುಪಿನ ಪೈಜಾಮ, ಕೈಯಲ್ಲಿ ಬೇವಿನ ಕಡ್ಡಿ. ಅವಳನ್ನು ಕಂಡು ಅವರಿಗೆ ಅನುಮಾನವೇನೂ ಬರಲಿಲ್ಲ. ತಮ್ಮನ್ನು ಹುಡುಕಿಕೊಂಡು ಜನ ಎಷ್ಟು ಹೊತ್ತಿಗಾದರೂ ಬರುತ್ತಾರೆಂದೇ ಅವರ ನಂಬಿಕೆ.

“ಏನಮ್ಮ, ಇಷ್ಟು ಲಗೂನ? ಭಾಳ ಚಲೋ ಆತು ಬಂದಿದ್ದು. ಎರಡನೇ ಮುದ್ರಣ ಬರ್ತೈತಿ. ನನ್ನ ಕಣ್ಣು ಮೊದಲಿನಂಗಿಲ್ಲ. ಪ್ರೂಫ್ ನೋಡಿಕೊಡ್ತೀಯೇನು?”

ಅಲ್ಲಿಯವರೆಗೆ ಅವಳ ಮನಸ್ಸಿನ ಯಾವುದೋ ಮೂಲೆಯಲ್ಲಿ ತಿರುಗಿ ಹೋಗಿಬಿಡುವ ದಾರಿಯೊಂದು ತೆರೆದೇ ಇತ್ತು. ಅವರು ಚಪ್ಪಲಿ ಬಿಟ್ಟು ಸೋಪಾನ ಇಳಿದು, ಬೊಗಸೆ ತುಂಬ ನೀರೆತ್ತಿ ಮುಖಕ್ಕೆ ಎರಚಿಕೊಂಡರು.

“ಕೊಡ್ತೀನ್ರಿ ಸರ್,” ಎಂದು ರೇಣುಕಾ ಎರಡೂ ಅಂಗೈಗಳಿಂದ ಅವರ ಬೆನ್ನನ್ನು ನೂಕಿದಳು.

ಕೂಗಲಿಕ್ಕೆ ಅವರಿಗೆ ಹೊತ್ತು ಸಿಗಲಿಲ್ಲ. ಬಿಳಿಯದೊಂದು ಉಬ್ಬಿ ಕಾಣಿಸಿ, ಮುಳುಗಿ, ತಿರುವಿನಾಚೆ ಹೋಯಿತು. ಅವಳು ನೂರರವರೆಗೆ ಎಣಿಸಿದಳು. ಪಶ್ಚಾತ್ತಾಪ ಬರಬಹುದೆಂದು ಕಾದಳು. ಬರಲಿಲ್ಲ.

ಏಳೂವರೆಗೆ ಸಿರುಗುಪ್ಪದ ಮನೆ ಮುಟ್ಟಿದಾಗ ಹಿತ್ತಲಲ್ಲಿ ಇಮಾಂಬೀ ಪಾತ್ರೆ ತಿಕ್ಕುವ ಸದ್ದಿತ್ತು. ಚಪ್ಪಲಿ ಕೈಯಲ್ಲಿ ಹಿಡಿದು ಮೆಟ್ಟಿಲು ಹತ್ತಿದಳು. ಮೊಬೈಲು ಹಾಸಿಗೆಯ ಮೇಲೆ ಸುಮ್ಮನೆ ಮಲಗಿತ್ತು. ಪಕ್ಕದಲ್ಲಿ ತಾನೂ ಮಲಗಿ ನಿಜವಾಗಿಯೂ ನಿದ್ದೆ ಮಾಡಿದಳು.

ಮರುದಿನ ಹೆಣ ಕಾಲುವೆಯ ಕೆಳಗಿನ ಗೇಟಿಗೆ ಸಿಕ್ಕಿತು. ಚಪ್ಪಲಿ ಸೋಪಾನದ ಮೇಲಿತ್ತು. ಮುದುಕರು ಕಾಲು ಜಾರಿದರೆಂದು ಊರೆಲ್ಲ ನಂಬಿತು. ಬಳ್ಳಾರಿಯಲ್ಲಿ ನಡೆದ ಶ್ರದ್ಧಾಂಜಲಿ ಸಭೆಯಲ್ಲಿ ರೇಣುಕಾ ಹತ್ತು ನಿಮಿಷ ಚೆನ್ನಾಗಿ ಮಾತಾಡಿದಳು. ಪ್ರಕಾಶಕರು ಪಕ್ಕಕ್ಕೆ ಕರೆದು, ಎರಡನೇ ಮುದ್ರಣವನ್ನು ನೀವೇ ಪರಿಷ್ಕರಿಸಿಕೊಡಿ, ಸಂಪಾದಕಿ ಎಂದು ನಿಮ್ಮ ಹೆಸರು ಮುಖಪುಟದಲ್ಲೇ ಬರಲಿ ಎಂದರು. ಅವಳು ಯೋಚಿಸಿ ಹೇಳುವುದಾಗಿ ಅಂದಳು.

ಎರಡು ವಾರದ ಮೇಲೆ ಪಿಎಸ್‌ಐ ರಾಮಾಂಜಿನಿ ಸಿರುಗುಪ್ಪಕ್ಕೆ ಬಂದರು. ಪುಸ್ತಕದ ವಿಚಾರಕ್ಕೆ ಅವಳಿಗೂ ಗವಿಸಿದ್ದಪ್ಪನವರಿಗೂ ಮಾತಾಗಿತ್ತೆಂದು ಅವರ ಮನೆಯವರು ಹೇಳಿದ್ದರು, ಕಡತಕ್ಕೊಂದು ಹೇಳಿಕೆ ಬೇಕಾಗಿತ್ತು. ಅವಳು ಕಾದಿದ್ದ ಪ್ರಶ್ನೆಗಳೇ ಒಂದೊಂದಾಗಿ ಬಂದವು.

“ಜ್ವರ ಇತ್ರಿ ಸರ್. ಎಂಟರ ತನಕ ಹಾಸಿಗಿ ಬಿಟ್ಟು ಎದ್ದೇ ಇಲ್ಲ.”

“ಹೌದ್ರಿ ಮೇಡಂ, ನಿಮ್ಮ ಫೋನೂ ಇಡೀ ಮುಂಜಾನಿ ಇಲ್ಲೇ ಇತ್ತಂತ ರಿಪೋರ್ಟ್ ಬಂದೈತಿ. ಇಲ್ಲೊಂದು ಸಹಿ ಹಾಕ್ರಿ, ಮುಗೀತು.”

ರೇಣುಕಾ ದುಂಡಗೆ ಸಹಿ ಹಾಕಿದಳು. ರಾಮಾಂಜಿನಿ ಕಾಗದ ಮಡಚಿ ಎದ್ದು ನಿಂತಾಗ, ಒಂದೊಂದೇ ಮೆಟ್ಟಿಲಿಗೆ ಉಸಿರು ಬಿಡುತ್ತ ಇಮಾಂಬೀ ಚಹಾದ ತಟ್ಟೆ ಹಿಡಿದು ಮೇಲೆ ಬಂದಳು. ಪೊಲೀಸರು ಬಂದದ್ದು ಅವಳಿಗೆ ಸರಿಬಂದಿರಲಿಲ್ಲ. “ಇಂಥಾ ಹುಡುಗೀನ ಕೇಳಾಕ ಬರೋದೇನ್ರಿ ಸಾಹೇಬ್ರ? ಆವತ್ತು ಜ್ವರ ಎಷ್ಟಿತ್ತು ಅಂತ ನಂಗ ಗೊತ್ತು. ದಿನಾ ಅಕಿ ಫೋನಿನ ಅಲಾರಾಂ ಆರಕ್ಕ ಹೊಡೀತೈತಿ, ಒಮ್ಮೆ ಹೊಡದ ಕೂಡ್ಲೇ ಎದ್ದು ಬಂದ್ ಮಾಡ್ತಾಳ. ಆವತ್ತು ಹೊಡೀತು, ನಿಂತಿತು, ಮತ್ತ ಹೊಡೀತು. ಅರ್ಧ ತಾಸು ಹಂಗೇ. ನನಗ ಜೀವ ತಡೀಲಿಲ್ಲ, ನನ್ನ ಕಡಿ ಇದ್ದ ಕೀಲಿ ತಗೊಂಡು ಈ ಮೊಣಕಾಲು ಎಳಕೊಂತ ಮ್ಯಾಲ ಬಂದೆ. ನೋಡಿದ್ರ ಹಾಸಿಗಿ ಖಾಲಿ. ಅಂಥಾ ಜ್ವರದಾಗ ಒಬ್ಬಾಕೀನ ದವಾಖಾನಿಗಿ ಹೋಗ್ಯಾಳ, ಮುದುಕಿನ್ನ ಎಬ್ಬಿಸಬಾರದು ಅಂತ. ನಾನೇ ಫೋನ್ ಬಂದ್ ಮಾಡಿ, ಕೀಲಿ ಹಾಕಿ ಇಳದೆ.” ರಾಮಾಂಜಿನಿ ಚಹಾದ ಕಪ್ಪನ್ನು ತೆಗೆದುಕೊಂಡು, ರೇಣುಕಾಳ ಕಡೆ ನೋಡದೆಯೇ ಕುರ್ಚಿ ಎಳೆದು ಮತ್ತೆ ಕೂತರು. “ಹೊಡೀವಾಗ ಎಷ್ಟಾಗಿತ್ತು ಅಂದ್ರಿ ಅಮ್ಮಾ?”